ಇಪ್ಪತ್ತನಾಲ್ಕು ಗಂಟೆಯೊಳಗೆ

“ಹಿಡಿಯುದಾದರೆ ಹಿಡಿಯಿರಿ. ಆದರೆ ಕಾರಣ ಎಂತ ಅಂತ ಹೇಳಿ. ಅದು ಗೊತ್ತಾಗದೆ ನಾನು ಈ ಜಗಲಿ ಇಳಿಯುದಿಲ್ಲ.”

ಅಚ್ಯುತ ಮಾಷ್ಟ್ರು ಜಗಲಿಯ ಕಂಬ ಹಿಡಿದು ನಿಂತಿದ್ದರು. ಮಟಮಟ ಮಧ್ಯಾಹ್ನ, ಅಂಗಳದಲ್ಲಿ ಇಬ್ಬರು ಖಾಕಿಯವರು. ದಪ್ಪ ಮೀಸೆಯವನು ಗದರಲಿಲ್ಲ.

“ಶಾಲೆಗೆ ಬಂದ ಹಾಲಿನ ಪುಡಿ ಮಾರಿದ್ದೀರಂತೆ. ದೂರು ಉಂಟು.”

ಸುಳ್ಳು! ಹಸಿ ಹಸಿ ಸುಳ್ಳು! ಇದರ ಬೇರು ಎಲ್ಲಿದೆ ಎಂದು ಮಾಷ್ಟ್ರಿಗೆ ಗೊತ್ತಿತ್ತು. ಮರದ ಕಂಟ್ರಾಕ್ಟರ ತನ್ನ ಕೂಲಿಯಾಳು ಡೊಂಬಯ್ಯನನ್ನು ಬಡಿದು ಕೊಂದದ್ದನ್ನು ಇಡೀ ಕೊಲ್ಲಮೊಗ್ರು ಊರಿನಲ್ಲಿ ಕಣ್ಣಾರೆ ಕಂಡವರು ಅವರೊಬ್ಬರೇ. ನಾಳೆ ಹನ್ನೊಂದಕ್ಕೆ ಪುತ್ತೂರಿನ ಕೋರ್ಟಿನಲ್ಲಿ ಸಾಕ್ಷಿ. ಅದನ್ನು ತಪ್ಪಿಸಲು ಪೊಲೀಸರನ್ನೇ ಬುಟ್ಟಿಗೆ ಹಾಕಿಕೊಂಡಿದ್ದಾನೆ, ಪಾಪಿ!

ಆದರೆ ಮಾಷ್ಟ್ರು ಅಷ್ಟು ಸುಲಭಕ್ಕೆ ಬಗ್ಗುವ ಆಸಾಮಿಯಲ್ಲ. ಸಂವಿಧಾನ ಬಂದು ಏಳು ವರ್ಷ. ಅದರ ಹಕ್ಕುಗಳನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸಿದವರು ಅವರು.

“ವಕೀಲರನ್ನು ಕಾಣುವ ಹಕ್ಕು ಉಂಟು ನನಗೆ.”

“ಧಾರಾಳ ಕಾಣಿ.”

“ಇಪ್ಪತ್ತನಾಲ್ಕು ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ದಾರಿಯ ಹೊತ್ತು ಮಾತ್ರ ಲೆಕ್ಕಕ್ಕಿಲ್ಲ.”

“ಆಯಿತು ಮಾಷ್ಟ್ರೇ. ಕೈಗೆ ಕೋಳವೂ ಬೇಡ.”

ಅಬ್ಬಾ! ಮಾಷ್ಟ್ರ ಎದೆ ಉಬ್ಬಿತು. ಮ್ಯಾಜಿಸ್ಟ್ರೇಟರೆಂದರೆ ಪುತ್ತೂರಿನ ಅದೇ ಕೋರ್ಟಿನವರೇ ತಾನೆ? ಕಂಟ್ರಾಕ್ಟರ ತಾನೇ ಕೈಹಿಡಿದು ಕಟಕಟೆ ಹತ್ತಿಸಿದ ಹಾಗಾಯಿತು!

ಹೆಂಡತಿ ಸೇವಂತಿ ಬೆಲ್ಲ, ನೀರು ತಂದಿಟ್ಟಳು. ಅಂಗಳಕ್ಕೆ ಬಂದವನು ಹಗೆಯಾದರೂ ಕೊಡಬೇಕು. ಅದನ್ನು ಬಾಯಿಗಿಟ್ಟವನು ಆ ಮನೆಗೆ ಕೇಡು ಬಗೆಯಬಾರದು. ಊರಿನ ರೂಢಿ ಅದು. ಮೀಸೆಯವನು ಬೇಡವೆಂದು ತಲೆಯಾಡಿಸಿದ. ಇನ್ನೊಬ್ಬ ತಂಬಿಗೆ ಕಂಡು ಒಂದು ಹೆಜ್ಜೆ ಹಿಂದೆಯೇ ಸರಿದ.

ಸೇವಂತಿಯ ಮುಖ ಬಿಳಿಚಿತು. ಗಂಡನನ್ನು ಬಾಗಿಲ ಮರೆಗೆ ಕರೆದಳು. “ನೀವು ಹೋಗುದು ಬೇಡ. ನಂಗೆ ಹೆದರಿಕೆ ಆಗ್ತದೆ. ಅವರು ಬೆಲ್ಲ ಮುಟ್ಟಲಿಲ್ಲ.”

“ಹೆದರುದು ಎಂತಕ್ಕೆ ಮಾರಾಯ್ತಿ? ಹಿಡಿಯಲು ಬಂದ ಮನೆಯಲ್ಲಿ ಹನಿ ನೀರೂ ಮುಟ್ಟದವರು ಅಂದರೆ ನಿಯತ್ತಿನವರು. ನಾನು ಸುಮ್ಮನೆ ಸಂಶಯಪಟ್ಟೆ.”

ಅಂಗಿ ಹಾಕಿಕೊಂಡು ಹೊರಟೇಬಿಟ್ಟರು.

ಗುಡ್ಡ ಇಳಿದ ಮೇಲೆ ಬಸ್ಸಿನ ದಾರಿ ಎಡಕ್ಕೆ ಹೋಯಿತು. ಇವರು ಬಲಕ್ಕೆ, ಕಾಡಿನ ಕಡೆ ತಿರುಗಿದರು.

“ಒಳದಾರಿ, ಹತ್ತಿರ ಆಗ್ತದೆ,” ಎಂದ ಮೀಸೆಯವನು.

ಮಾಷ್ಟ್ರು ಮನಸ್ಸಿನಲ್ಲೇ ಗಂಟೆ ಎಣಿಸುತ್ತ ನಡೆದರು. ಸ್ವಲ್ಪ ಹೊತ್ತಿಗೆ ನಾಯಿ ಬೊಗಳುವುದೂ ಕೇಳದಾಯಿತು. ಹೊಳೆಯ ಸದ್ದು ಮಾತ್ರ. ಆಗಲೇ ಅವರ ಕಣ್ಣು ಮುಂದೆ ಹೋಗುತ್ತಿದ್ದವನ ಕಾಲಿನ ಮೇಲೆ ಬಿತ್ತು. ಬೂಟಿಲ್ಲ. ಬರಿಗಾಲು.

ಮಾಷ್ಟ್ರು ಗಕ್ಕನೆ ನಿಂತರು.

“ನಿಮ್ಮ ಹೆಸರು, ಬಿಲ್ಲೆ ನಂಬ್ರ ಹೇಳಿ. ಹೇಳಲೇಬೇಕು. ಕಾನೂನು ಉಂಟು.”

ಮೀಸೆಯವನು ಖಾಕಿ ಟೊಪ್ಪಿ ತೆಗೆದು ಪೊದೆಗೆ ಎಸೆದ.

“ಉಂಟು ಮಾಷ್ಟ್ರೇ, ಎಲ್ಲ ಉಂಟು. ಆದರೆ ಅದು ಪೊಲೀಸರಿಗೆ ಅಲ್ವಾ?”