ಗಂಡನ ಗಂಬೂಟು

ಸೊಸೆ ಗಂಡನ ಗಂಬೂಟಿಗೆ ಬಲಗಾಲು ತೂರಿಸಿದ್ದೇ ತಡ, ಅತ್ತೆಯ ಕೈಯ ಸೂಜಿ ನಿಂತಿತು. "ಎಲ್ಲಿಗೇ, ಈ ಮಳೇಲಿ?"

"ಕೋಳಿಗೂಡಿಗೆ ಅತ್ತೆ. ಕಾಳು ಹಾಕಿ ಬರ್ತೀನಿ." ಕೋಳಿ ಬರೀ ನೆಪ. ಒಂಬತ್ತು ದಿನದಿಂದ ಮಳೆ ಬಿಟ್ಟಿರಲಿಲ್ಲ. ಮನೆಗೆಲ್ಲ ಇದ್ದದ್ದು ಒಂದೇ ಜೊತೆ ಬೂಟು. ಹಾಗಾಗಿ ಹೊರಗಿನ ಕೆಲಸವೆಲ್ಲ ಗಂಡನದು, ಒಲೆಯ ಮೇಲೆ ಬಟ್ಟೆ ಒಣಗಿಸುವುದು, ಸೋರುವಲ್ಲಿ ಪಾತ್ರೆ ಬದಲಿಸುವುದು ಇವಳದು. ಹೊಲದ ಬದುವಿನವರೆಗಾದರೂ ಒಬ್ಬಳೇ ನಡೆದು ಬರದಿದ್ದರೆ ತಲೆ ಕೆಟ್ಟೇಹೋಗುತ್ತದೆ ಎನ್ನಿಸಿತ್ತು ಅವಳಿಗೆ.

ಮೂಲೆಯಲ್ಲಿ ಮರದ ಗೊಂಬೆ ಕೆತ್ತುತ್ತಿದ್ದ ಗಂಡ ನಕ್ಕ. "ದೋಣಿ ಹತ್ತಿದ ಹಾಗಿದೆಯಲ್ಲೇ! ಎರಡು ಹೆಜ್ಜೆಗೆ ಮುಗ್ಗರಿಸ್ತೀಯ. ಬಿಚ್ಚಿಡು, ಕೋಳಿಗೆ ನಾನೇ ಹಾಕ್ತೀನಿ." ಅವನು ಹೇಳಿದ್ದು ಸುಳ್ಳೇನಲ್ಲ, ಕಾಲು ಒಳಗೆ ಲೊಡಲೊಡ ಅನ್ನುತ್ತಿತ್ತು. ಅವಳು ಬಿಚ್ಚಲೆಂದು ಬಗ್ಗಿದಳು.

"ಬಿಚ್ಚಬೇಡ" ಎಂದರು ಅತ್ತೆ. ಹೊಲಿಯುತ್ತಿದ್ದ ಹೊದಿಕೆಯಿಂದ ಎರಡು ತುಂಡು ಬಟ್ಟೆ ಪರ್ರನೆ ಕಿತ್ತು ಸೊಸೆಯ ಮುಂದೆ ಹಿಡಿದರು. "ತುದೀಲಿ ತುರುಕಿಕೋ. ಇವನಪ್ಪನ ಬೂಟೂ ನಂಗೆ ಹೀಗೇ ದೊಡ್ಡದಾಗ್ತಿತ್ತು. ಆಗ ಇದು ಹೊಳೀಲೇ ಇಲ್ಲ ಕಣೇ, ಬಿಚ್ಚಿಟ್ಟು ಒಳಗೇ ಕೂತುಬಿಟ್ಟೆ."