ಮಂಚದ ಸುತ್ತ ಘಟ್ಟದ ರೈಲು

ಬೋಜಪ್ಪನವರನ್ನು ನಾಲ್ಕು ಜನ ಸೇರಿ ಮೂರನೇ ಮಹಡಿಗೆ ಹೊತ್ತು ತಂದು ಹಾಲ್‌ನ ಮಂಚದ ಮೇಲೆ ಮಲಗಿಸಿದರು. ಮೂವತ್ತೊಂದು ವರ್ಷ ಜಾಲ್ಸೂರು, ಕಲ್ಲುಗುಂಡಿ ದಾರಿಯಲ್ಲಿ ಬಸ್ಸು ಓಡಿಸಿದ ಮನುಷ್ಯ. ಪಾರ್ಶ್ವವಾಯು ಬಡಿದು ಬಲಗೈ, ಬಲಗಾಲು ಎರಡೂ ಬಿದ್ದುಹೋಗಿದ್ದವು. ಕಲ್ಲುಗುಂಡಿಯ ಮನೆಯಿಂದ ದಿನಾ ಫಿಸಿಯೋಥೆರಪಿಗೆ ಬರುವುದು ಆಗದ ಮಾತೆಂದು ಮಗ ಜಯಪ್ರಕಾಶ ಪುತ್ತೂರಿನ ತನ್ನ ಫ್ಲ್ಯಾಟಿಗೇ ಕರೆತಂದಿದ್ದ. ಅಲ್ಲಿದ್ದುದು ಒಂದು ಹಾಲ್, ಒಂದು ಕೋಣೆ, ಅಡುಗೆಮನೆ. ಜನ ಇಳಿದು ಹೋದ ಮೇಲೆ ಸೊಸೆ ಹರಿಣಾಕ್ಷಿ ಟೇಪು ತಂದು ಮಂಚದ ಉದ್ದ, ಅಗಲ, ಎತ್ತರ ಅಳೆದಳು. ಅವರ ಬಲಗೈಯನ್ನು ಮೆಲ್ಲನೆ ಚಾಚಿ ಭುಜದಿಂದ ಬೆರಳ ತುದಿಯವರೆಗೂ ಅಳೆದಳು. ಹಾಸಿಗೆಗೋ ಅಂಗಿಗೋ ಇರಬೇಕು ಎಂದುಕೊಂಡು ಅವರು ಕಣ್ಣು ಮುಚ್ಚಿದರು.

ವಾರ ಕಳೆದು, ನಾಲಗೆ ತುಸು ಹೊರಳತೊಡಗಿದಾಗ, ಎದುರು ಗೋಡೆಯ ಮೇಲಿನ ಪೆನ್ಸಿಲ್ ಗೆರೆಗಳು ಏನೆಂದು ಅವರು ಮಗನನ್ನು ಕೇಳಿದರು. ಜಯಪ್ರಕಾಶ ಮೊದಲು ಹಾರಿಕೆಯ ಉತ್ತರ ಕೊಟ್ಟ, ಆಮೇಲೆ ಹೇಳಿಯೇಬಿಟ್ಟ. ಎಂಜಿನಿಯರೊಬ್ಬರ ಆಫೀಸಿನಲ್ಲಿ ಕೂತು ಹಗಲೆಲ್ಲ ಬೇರೆಯವರ ಮನೆಗಳ ನಕ್ಷೆ ಬಿಡಿಸುವ ಹರಿಣಾಕ್ಷಿ, ಸಂಜೆ ಬಂದು ಮೂರು ವರ್ಷಗಳಿಂದ ತನ್ನದೇ ಒಂದು ನಕ್ಷೆ ಬಿಡಿಸುತ್ತಿದ್ದಳು. ಅದೊಂದು ಪುಟ್ಟ ರೈಲುದಾರಿ. ಮಕ್ಕಳಾಟದ್ದಲ್ಲ. ಸುಬ್ರಹ್ಮಣ್ಯ ರೋಡ್ ಸ್ಟೇಷನ್ನಿನಿಂದ ಘಟ್ಟ ಹತ್ತುವ ಹಳಿಯನ್ನೇ, ಹೊಳೆ ದಾಟಿಸುವ ಸಂಕ, ಸುರಂಗಗಳ ಸಮೇತ, ಅಂಗೈಯುದ್ದದ ಎಂಜಿನ್ನಿಗೆ ತಕ್ಕಂತೆ ಕಿರಿದು ಮಾಡಿದ್ದು. ತಿರುವೊಂದಕ್ಕೇ ಎರಡಡಿ ಅಗಲ ಬೇಕು. ಇಡೀ ಮನೆಯಲ್ಲಿ ಅಷ್ಟು ಜಾಗ ಸಿಕ್ಕಿದ್ದು ಈಗ ಮಂಚ ಹಾಕಿದ್ದಲ್ಲಿ ಮಾತ್ರ.

ಬೋಜಪ್ಪನವರಿಗೆ ಮೈಯೆಲ್ಲ ಹಿಡಿಯಾದಂತಾಯಿತು. ಆ ಹುಡುಗಿ ಬಾಯಿಬಿಟ್ಟು ಏನನ್ನೂ ಕೇಳಿದವಳಲ್ಲ. ಇದ್ದ ಒಂದೇ ಆಸೆಯ ಮೇಲೆ ತಾನು ಬಂದು ಮಲಗಿದೆನಲ್ಲ ಎಂದು ಸಂಕಟವಾಯಿತು. ತನ್ನನ್ನು ಊರಿಗೇ ಬಿಟ್ಟು ಬಾ ಎಂದು ಮಗನಿಗೆ ತೊದಲುತ್ತ ಹೇಳಿದರು. ಸಂಜೆ ಹರಿಣಾಕ್ಷಿ ಆಫೀಸಿನಿಂದ ಬಂದವಳು ಸ್ಟೂಲು ಎಳೆದುಕೊಂಡು ಕೂತು, ಒಂದು ಹಾಳೆಯನ್ನು ಅವರ ಹೊದಿಕೆಯ ಮೇಲೆ ಹರಡಿದಳು.

"ಮಾವ, ಹಳಿ ಮಂಚದ ಮೂರು ಬದಿಗೂ ಬರ್ತದೆ. ತಲೆಯ ಹತ್ತಿರ ಸಂಕ. ಶಬ್ದದಿಂದ ನಿಮ್ಗೆ ತೊಂದ್ರೆ ಉಂಟಾ?"

ಅವರು ಅವಳ ಮುಖದಲ್ಲಿ ಕನಿಕರವನ್ನು ಹುಡುಕಿದರು. ಇದ್ದುದು ಒಂದಿಂಚು ಎಲ್ಲಿಂದ ಹೊಂದಿಸಲಿ ಎಂಬ ಯೋಚನೆ ಮಾತ್ರ. ಮತ್ತೆ ಹಾಳೆಯನ್ನು ನೋಡಿದರು, ಬಹಳ ಹೊತ್ತು ನೋಡಿದರು. ಸುರಂಗ ದಾಟಿದ ಕೂಡಲೇ ಎಡಕ್ಕೊಂದು, ಅದರ ಬೆನ್ನಿಗೇ ಬಲಕ್ಕೊಂದು ತಿರುವು. ಎಡಗೈ ಬೆರಳನ್ನು ಅಲ್ಲಿಟ್ಟರು.

"ಇಲ್ಲಿ ಬೀಳ್ತದೆ. ಒಂದು ತಿರುವು ಮುಗಿದ ಮೇಲೆ ಗಾಡಿಗೆ ನೇರ ಆಗ್ಲಿಕ್ಕೆ ಜಾಗ ಬೇಕು. ಒಂದು ಬೋಗಿಯಷ್ಟಾದ್ರೂ ಕೊಡು."

"ಗೊತ್ತುಂಟು ಮಾವ. ಜಾಗ ಇಲ್ಲ ಅಂತ ಬಿಟ್ಟದ್ದು."

"ಜಾಗ ಇಲ್ಲ ಅಂದ್ರೆ ತಿರುವು ಕೇಳುದಿಲ್ಲ ಮಗಾ."

ಅವಳು ರಬ್ಬರು ಕೈಗೆತ್ತಿಕೊಂಡಳು. ಆ ಒಂದು ಬೋಗಿಯುದ್ದ ಬಿಡಿಸಿಕೊಳ್ಳಲು ಇಬ್ಬರಿಗೂ ಹನ್ನೆರಡು ದಿನ ಹಿಡಿಯಿತು. ಸ್ಟೇಷನ್ನಿನ ಎರಡನೇ ಪ್ಲಾಟ್‌ಫಾರಂ ಹೋಯಿತು, ಜಯಪ್ರಕಾಶನ ಶೂ ಇಡುವ ಕಪಾಟೂ ಹೋಯಿತು. ಆಮೇಲಿನ ಭಾನುವಾರಗಳಲ್ಲಿ ಹಲಗೆ ಬಂತು, ಹಳಿ ಬಂತು. ವೇಗ ಹೆಚ್ಚು ಕಡಿಮೆ ಮಾಡುವ ಗುಂಡಿಯನ್ನು ಹರಿಣಾಕ್ಷಿ ಮಂಚದ ಬಲಬದಿಗೆ, ಅವರ ಸತ್ತ ಕೈಗೆ ತಾಗುವಂತೆ, ಕೂರಿಸಿದಳು. ಎಡಕ್ಕೆ ಹಾಕಲಿಕ್ಕಾಗದೇ ಎಂದು ಕೇಳಿದ್ದಕ್ಕೆ ವಯರು ಎಟಕುವುದಿಲ್ಲ ಎಂದಳು. ಹಾಲ್ ಪೂರ್ತಿ ಸುತ್ತುವಷ್ಟು ವಯರು ಉಳಿದಿರುವುದು ಅವರಿಗೆ ಮಲಗಿದಲ್ಲಿಂದಲೇ ಕಾಣುತ್ತಿತ್ತು.

ಥೆರಪಿಯವನು ಕೊಟ್ಟ ಸ್ಪಂಜಿನ ಚೆಂಡನ್ನು ದಿನಕ್ಕೆ ನಾಲ್ಕು ಸಲವೂ ಹಿಸುಕದಿದ್ದವರು ಈ ಗುಂಡಿಯನ್ನು ಬಿಡಲಿಲ್ಲ. ಬೆರಳು ಜಾರಿದಾಗ ಎಂಜಿನ್ನು ಏರಿನ ನಡುವೆ ನಿಂತುಬಿಡುತ್ತಿತ್ತು. ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತಿದ್ದ ಹರಿಣಾಕ್ಷಿಯ ಕತ್ತಿಯ ಸದ್ದೂ ಆಗ ನಿಲ್ಲುತ್ತಿತ್ತು. ಆದರೆ ಅವಳು ಎದ್ದು ಬರುತ್ತಿರಲಿಲ್ಲ. ಒಂಬತ್ತನೇ ವಾರ ರೈಲು ಎಲ್ಲೂ ನಿಲ್ಲದೆ ಘಟ್ಟ ಹತ್ತಿ ಇಳಿಯಿತು. ಐದನೇ ತಿಂಗಳಿಗೆ ಅವರು ಕೋಲು ಹಿಡಿದು ತಾವೇ ಬಚ್ಚಲಿಗೆ ಹೋಗಿಬರತೊಡಗಿದರು.

ಮನೆಗೆ ಹೊರಡಿ ಎಂದು ಊರಲ್ಲೇ ಉಳಿದಿದ್ದ ಹೆಂಡತಿ ಕಮಲಾವತಿ ಫೋನು ಮಾಡಿದಾಗ ಬೋಜಪ್ಪನವರು ಹಿಂದೆಮುಂದೆ ನೋಡಿದರು. ಸಂಕದ ಕಾಲುಗಳು ನಿಂತಿದ್ದುದು ಮಂಚದ ತಲೆಹಲಗೆಯ ಮೇಲೆ. ಮಂಚ ತೆಗೆದರೆ ದಾರಿಯೇ ತುಂಡಾಗುತ್ತದೆ. ಹೊಸ ನಕ್ಷೆ ಆಗುವವರೆಗೆ ಹದಿನೈದು ದಿನ ಇರುತ್ತೇನೆ ಎಂದರು. ಅದು ಆಗಿದೆ ಎಂದು ಹರಿಣಾಕ್ಷಿ ಕಪಾಟಿನಿಂದ ಮಡಿಸಿದ ಹಾಳೆಯೊಂದನ್ನು ತೆಗೆದು ಕೊಟ್ಟಳು. ಅದರಲ್ಲಿ ಮಂಚ ಇರಲಿಲ್ಲ. ಸಂಕಕ್ಕೆ ಅದರದೇ ಕಾಲುಗಳಿದ್ದವು. ಅವರು ಹೇಳಿದ ಬೋಗಿಯುದ್ದದ ನೇರ ಹಳಿಯನ್ನು ಆಮೇಲೆ ಕೆಂಪು ಪೆನ್ಸಿಲಿನಲ್ಲಿ ಸೇರಿಸಲಾಗಿತ್ತು. ಮಂಚವಿದ್ದ ಜಾಗದಲ್ಲಿ ಒಂದು ಸಣ್ಣ ಚೌಕ. ಅದರೊಳಗೆ 'ಮಾವ ಬಂದಾಗ ಕುರ್ಚಿ' ಎಂದು ಬರೆದಿತ್ತು.

"ಇದು ಯಾವಾಗ ಮಾಡಿದ್ದು?"

ಅವಳು ಉತ್ತರ ಕೊಡುವ ಮೊದಲೇ ಹಾಳೆಯ ಮೂಲೆಯಲ್ಲಿದ್ದ ತಾರೀಕು ಅವರ ಕಣ್ಣಿಗೆ ಬಿತ್ತು. ಅವರನ್ನು ನಾಲ್ಕು ಜನ ಮೂರನೇ ಮಹಡಿಗೆ ಹೊತ್ತು ತಂದ ದಿನ ಅದು. ನಡೆದಾಡುವ ಆಸೆ ಇಟ್ಟುಕೊಳ್ಳಬೇಡಿ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಅಂದು ಅವಳು ಚಮಚದಲ್ಲಿ ಬಾಯಿಗಿಟ್ಟ ಗಂಜಿ ಅರ್ಧಕ್ಕರ್ಧ ಕಟವಾಯಿಯಿಂದ ದಿಂಬಿಗೆ ಇಳಿದುಹೋಗಿತ್ತು.