ಹಗುರ ತೋಟಾ

ಗಂಡು ಎಲ್ಕ್ ಹೊಡೆಯುವ ಪರ್ಮಿಟ್ ಲಾಟರಿಯಲ್ಲಿ ಬಂದದ್ದು ಆರ್ಡಿಸ್‌ಗೆ. ಇಪ್ಪತ್ತೆರಡು ವರ್ಷಗಳಿಂದ ಬಿಡದೆ ಅರ್ಜಿ ಹಾಕುತ್ತಿದ್ದವನು ಅವಳ ಗಂಡ ಡೆಲ್ಮರ್. ಅವಳು ಹಾಕಿದ್ದು ಇದೇ ಮೊದಲು. ಅದೂ ಅವನು ಅರ್ಜಿ ತುಂಬುತ್ತ ಕೂತಿದ್ದಾಗ “ನಂದೂ ಒಂದಿರ್ಲಿ” ಎಂದು ತಮಾಷೆಗೆ. ಮಿಸೌರಿ ನದಿಯ ಕಮರಿಗಳಲ್ಲಿ ಕಡವೆಯ ದೊಡ್ಡಣ್ಣನಂತೆ ಓಡಾಡುವ ಆ ಪ್ರಾಣಿಯ ಪರ್ಮಿಟ್ ಸಿಗುವುದು ನೂರಕ್ಕೆ ಒಬ್ಬಿಬ್ಬರಿಗೆ. ಆ ಒಬ್ಬರು ಸ್ವಂತ ಹೆಂಡತಿಯೇ ಆದರೆ ಗಂಡಸು ಎಲ್ಲಿಗೆ ಹೋಗಿ ಅಳಬೇಕು?

“ಏನಪ್ಪಾ, ಈ ಸಲ ಹೆಂಡ್ತಿ ಹಿಂದೆ ಬುತ್ತಿ ಹೊತ್ಕೊಂಡು ಹೋಗ್ತೀಯಂತೆ?” ಎಂದು ಕಾಫಿ ಅಂಗಡಿಯಲ್ಲಿ ಗೆಳೆಯ ಕ್ಲೈಡ್ ಕೆಣಕಿದ.

“ಹೊರ್ತೀನಿ, ಅದಕ್ಕೇನು?” ಎಂದು ಡೆಲ್ಮರ್ ನಕ್ಕ. ಅರ್ಧ ಕಾಫಿ ಹಾಗೇ ಬಿಟ್ಟು ಎದ್ದುಬಂದ.

ಮನೆಯಲ್ಲಿ ತೋಟಾ ತುಂಬುವ ಕೆಲಸ ಅವನದೇ. ಗ್ಯಾರೇಜಿನ ಮೇಜಿನ ಮುಂದೆ ಕೂತು ಹಿತ್ತಾಳೆ ಕೊಳವೆಗೆ ಮದ್ದು ಅಳೆದು ಹಾಕುತ್ತಿದ್ದಾಗ ಆರ್ಡಿಸ್ ಬಂದು ನಿಂತಳು.

“ನಂಗೆ ಯಾವ ಗುಂಡು ಹಾಕ್ತಿದ್ದೀಯ?”

“ಎಲ್ಕ್‌ಗೆ ಹಾಕೋದೇ. ನೂರೆಂಬತ್ತು ಗ್ರೇನ್ ತೂಕದ್ದು. ಭುಜದ ಮೂಳೆ ಮುರ್ಕೊಂಡು ಒಳಗೆ ಹೋಗುತ್ತೆ. ಆಗಸ್ಟಲ್ಲಿ ಪ್ರಾಕ್ಟೀಸ್ ಮಾಡಿದ್ಯಲ್ಲ, ಅದೇ. ಕೋವಿ ಒದೀತಾ ಆವಾಗ?”

“ಒದೀತು. ಆದ್ರೆ ಒಂದೂ ಗುರಿ ತಪ್ಲಿಲ್ಲ,” ಎಂದು ಅವಳು ಒಳಗೆ ಹೋದಳು.

ತಪ್ಪಿರಲಿಲ್ಲ, ನಿಜ. ಅದೇ ಅವನ ಹೊಟ್ಟೆಯಲ್ಲಿ ಕಿಚ್ಚು ಹಚ್ಚಿದ್ದು. ಮೇಜಿನ ಬಲಗಡೆ ಭಾರದ ಗುಂಡುಗಳ ಡಬ್ಬಿಯಿತ್ತು. ಎಡಗಡೆಯ ಡಬ್ಬಿಯಲ್ಲಿ ಬಯಲ ಜಿಂಕೆಗೆ ಹಾಕುವ ಹಗುರ ಗುಂಡುಗಳು. ತೆಳು ಚರ್ಮದವು, ಬಡಿದ ಕೂಡಲೇ ಚೂರಾಗುವಂಥವು. ಹೊರಗಿನಿಂದ ಎರಡೂ ಒಂದೇ ಥರ, ಎರಡಕ್ಕೂ ಕೆಂಪು ಪ್ಲಾಸ್ಟಿಕ್ ಮೂತಿ. ಹಗುರದ್ದು ಎಲ್ಕ್‌ನ ಭುಜಕ್ಕೆ ಬಿದ್ದರೆ ಮೇಲೇ ಒಡೆದುಹೋಗುತ್ತದೆ. ಪ್ರಾಣಿ ಕುಂಟುತ್ತ ಪೈನ್ ಕಾಡು ಹೊಕ್ಕು ಎರಡು ದಿನ ನರಳಿ ಸಾಯುತ್ತದೆ. ಬೇಕೆಂದೇ ಹಾಗೆ ಮಾಡಿದವನ ಜೊತೆ ಈ ಊರಿನಲ್ಲಿ ಯಾರೂ ಕಾಫಿಗೆ ಕೂರುವುದಿಲ್ಲ.

ಡೆಲ್ಮರ್‌ನ ಕೈ ಎಡಗಡೆಗೆ ಹೋಯಿತು. ಕೈತಪ್ಪಿ ಹೋದದ್ದಲ್ಲ. ಇಪ್ಪತ್ತು ತೋಟಾ ತುಂಬಿದ, ಕೆಲಸ ಮಾತ್ರ ಅಚ್ಚುಕಟ್ಟು. ಪ್ರತಿ ಸಲ ತುಂಬಿದ್ದಕ್ಕೂ ತಳದಲ್ಲಿ ಒಂದೊಂದು ಬಣ್ಣ ಹಚ್ಚುವುದು ಅವನ ಪದ್ಧತಿ. ಆಗಸ್ಟಿನವಕ್ಕೆ ನೀಲಿ ಹಚ್ಚಿದ್ದ, ಇವಕ್ಕೆ ಹಸಿರು ಹಚ್ಚಿದ. ಅವಳು ಬರಿಗೈಯಲ್ಲಿ ಕಣ್ಣೀರು ಹಾಕುತ್ತ ಬಂದಾಗ “ಎಲ್ಕ್ ಅಂದ್ರೆ ಹಾಗೇ ಕಣೆ” ಎಂದು ಬೆನ್ನು ಸವರಬೇಕೆಂದು ಅದನ್ನೂ ಯೋಚಿಸಿಟ್ಟುಕೊಂಡ.

ಡಬ್ಬಿ ಕೊಟ್ಟಾಗ ಆರ್ಡಿಸ್ ಅದನ್ನು ಅಂಗೈಯಲ್ಲಿ ಒಂದು ಗಳಿಗೆ ಇಟ್ಟುಕೊಂಡು ಆಮೇಲೆ ಕೆಳಗಿಟ್ಟಳು. ಮೂವತ್ತು ವರ್ಷ ಪೋಸ್ಟಾಫೀಸಿನ ಕಿಟಕಿಯಲ್ಲಿ ಕೂತವಳು, ಯಾವ ಸಾಮಾನು ಕೈಗೆ ಬಂದರೂ ಅವಳು ಮಾಡುವುದು ಹಾಗೇ. “ಬದುಕಿಸ್ದೆ ಮಾರಾಯ,” ಎಂದು ಅವನ ಕೆನ್ನೆ ತಟ್ಟಿದಳು.

ಬೇಟೆಯ ಮೊದಲ ದಿನ ಬೆಳಿಗ್ಗೆ ಕಮರಿಯಲ್ಲಿ ಇಬ್ಬನಿ ಹೆಪ್ಪುಗಟ್ಟಿತ್ತು. ಇಬ್ಬರೂ ಬೇಟೆಗಾರರ ಕಿತ್ತಳೆ ಬಣ್ಣದ ಅಂಗಿ ತೊಟ್ಟು ದಿಬ್ಬದ ಮೇಲೆ ಬೋರಲಾಗಿ ಮಲಗಿದ್ದರು. ಬುತ್ತಿ ಚೀಲ ಹೊತ್ತದ್ದು ಡೆಲ್ಮರೇ. ಏಳು ಗಂಟೆಯ ಹೊತ್ತಿಗೆ ಪೈನ್ ಮರಗಳ ಸಂದಿಯಿಂದ ಗಂಡು ಎಲ್ಕ್ ಹೊರಗೆ ಬಂತು. ಅಬ್ಬಾ, ಏನು ಕೊಂಬು! ಒಂದೊಂದು ಕಡೆಗೆ ಆರಾರು ಕವಲು. ಇನ್ನೂರು ಹೆಜ್ಜೆ ದೂರದಲ್ಲಿ ಪಕ್ಕೆ ತೋರಿಸಿಕೊಂಡು ನಿಂತಿತು. ಇಪ್ಪತ್ತೆರಡು ವರ್ಷ ಅವನು ಕನಸಿನಲ್ಲಿ ಕಂಡದ್ದು ಇದನ್ನೇ.

ಆರ್ಡಿಸ್ ಕೋವಿಗೆ ಕೆನ್ನೆ ಕೊಟ್ಟಳು. ಎಲ್ಕ್ ತಲೆ ಎತ್ತಿ ಉಸಿರುಬಿಟ್ಟಿತು, ಹಬೆ ಎದ್ದಿತು. ಡೆಲ್ಮರ್‌ಗೆ ಅದರ ಭುಜ ಬಿಟ್ಟು ಬೇರೇನೂ ಕಾಣಲಿಲ್ಲ. ಅವಳ ಬೆರಳು ಕೋವಿಯ ಕುದುರೆಗೆ ಹೋಯಿತು.

“ಬೇಡ!” ಎಂದು ಅವನು ಕೂಗಿಯೇ ಬಿಟ್ಟ. “ಹೊಡೀಬೇಡ ಆರ್ಡಿಸ್! ಅದು ಜಿಂಕೆ ಗುಂಡು! ನಾನೇ ಹಾಕಿದ್ದು!”

ಎಲ್ಕ್ ಎರಡೇ ನೆಗೆತಕ್ಕೆ ಕಾಡು ಸೇರಿತು.

ಆರ್ಡಿಸ್ ಅತ್ತಲೇ ನೋಡುತ್ತ, “ಬೇಕಂತ್ಲೇ ಹಾಕಿದ್ದಾ?” ಎಂದು ಕೇಳಿದಳು.

“ಬೇಕಂತ್ಲೇ. ಹೊಟ್ಟೆಕಿಚ್ಚು ಕಣೆ. ತಡ್ಕೊಳ್ಳೋಕಾಗ್ಲಿಲ್ಲ.”

ಅವಳು ಕೋವಿ ಬಿಚ್ಚಿ ತೋಟಾ ತೆಗೆದು ಅವನ ಅಂಗೈಯಲ್ಲಿಟ್ಟಳು. ಡೆಲ್ಮರ್ ತಿರುಗಿಸಿ ನೋಡಿದ. ತಳದಲ್ಲಿ ನೀಲಿ ಬಣ್ಣವಿತ್ತು.

“ಪ್ರಾಕ್ಟೀಸಿಂದು ಐದು ಉಳಿದಿತ್ತು,” ಎಂದಳು.

“ಗೊತ್ತಿತ್ತಾ ನಿಂಗೆ?”

“ಡಬ್ಬಿ ಕೈಗೆ ಬಂದ ಕೂಡ್ಲೇ ಗೊತ್ತಾಯ್ತು. ಮೂವತ್ತು ವರ್ಷ ತೂಕ ನೋಡಿದ ಕೈ ಇದು.”

“ಮತ್ಯಾಕೆ ಸುಮ್ನಿದ್ದೆ?”

“ನೀನೇ ಹೇಳ್ತೀಯೇನೋ ಅಂತ ಕಾಯ್ತಿದ್ದೆ. ಹೇಳ್ದೆ, ಸಂತೋಷ. ಮನೇಲಿ ಕಾಫಿ ಕುಡಿಯೋವಾಗ್ಲೇ ಹೇಳಿದ್ರೆ ಎಲ್ಕೂ ಸಿಕ್ತಿತ್ತು.”

ಅವಳು ಚೀಲದಿಂದ ಫ್ಲಾಸ್ಕ್ ತೆಗೆದು, ಕಾಫಿ ಬಗ್ಗಿಸಿ, ಮೊದಲ ಲೋಟ ಅವನಿಗೇ ಕೊಟ್ಟಳು.

“ಮುಂದಿನ ವರ್ಷ ನಿನ್ನ ಹೆಸ್ರೇ ಬರ್ಲಿ ಅಂತ ಬೇಡ್ಕೋತೀನಿ,” ಎಂದಳು. “ಆವಾಗ ತೋಟಾ ನಾನು ತುಂಬ್ತೀನಿ.”